ಹಲಸಿನ ಮರದ ಮೇಲೊಂದು ಸೊಳ್ಳೆ ತೊಟ್ಟಿ

ಮಾನ್ಯರೆ,

ಜನವರಿಯಲ್ಲಿ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ನರ್ಸರಿಯೊಂದರಿಂದ ಬ್ರೊಮೀಲಿಯಾಡ್ ಗಿಡ ತಂದೆ. ಅನಾನಸಿನ ಬಳಗದ್ದು. ಮಧ್ಯ, ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಎತ್ತರದ ಕೊಂಬೆಗಳ ಮೇಲೆ ಬೆಳೆಯುತ್ತದೆ. ನಾನೂ ತೆಂಗಿನ ನಾರು ಇಟ್ಟು ಅಂಗಳದ ಹಲಸಿಗೆ ಕಟ್ಟಿದೆ. "ಬಂದಣಿಕೆ ನೀವೇ ಹಿಡಿಸ್ತಿದ್ದೀರಾ ಟೀಚರ್?" ಎಂದು ಪಕ್ಕದ ಮನೆಯವರು ನಕ್ಕರು. ಅಲ್ಲ, ಬಂದಣಿಕೆ ಮರದ ರಸ ಹೀರುತ್ತದೆ. ಇದಕ್ಕೆ ಮರ ಕೂರಲು ಮಾತ್ರ ಬೇಕು. ಎಲೆಗಳ ಬುಡವೇ ತೊಟ್ಟಿಯಾಗಿ ಮಳೆನೀರು ಹಿಡಿಯುತ್ತದೆ, ಎಲೆಯೇ ಅದನ್ನು ಕುಡಿಯುತ್ತದೆ.

ತೊಂದರೆ ಆದದ್ದೂ ಅಲ್ಲೇ. ಜುಲೈಯಲ್ಲಿ ಡೆಂಗೆ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಟಯರ್, ಡ್ರಮ್, ಫ್ರಿಜ್‌ನ ಹಿಂದಿನ ತಟ್ಟೆ ಎಲ್ಲ ನೋಡಿದರು. ಮರದ ಕಡೆ ನೋಡಲಿಲ್ಲ. ನಾನಾದರೂ ಹೇಳಬೇಕಿತ್ತು, ಹೊಳೆಯಲೇ ಇಲ್ಲ. ವಾರ ಬಿಟ್ಟು ಏಣಿ ಹತ್ತಿ ಟಾರ್ಚ್ ಬಿಟ್ಟರೆ ಎಲೆಯ ಬುಡದಲ್ಲಿ ಸೊಳ್ಳೆಮರಿ ಕುಣಿಯುತ್ತಿದ್ದವು. ಈ ವಯಸ್ಸಲ್ಲಿ ಏಣಿ ಹತ್ತಿದ್ದಕ್ಕೆ ಮಗನ ಬೈಗುಳ ಬೇರೆ.

ಆಮೇಲೆ ಓದಿದೆ. ಟ್ರಿನಿಡಾಡ್ ದ್ವೀಪದ ಕೋಕೋ ತೋಟಗಳಲ್ಲಿ ಹೀಗೇ ಮಲೇರಿಯಾ ಹಬ್ಬಿತ್ತಂತೆ. ನೆರಳಿಗೆ ನೆಟ್ಟದ್ದು ನಮ್ಮ ಹಾಲುವಾಣದ ಕುಲದ ಮರ. ಅದರ ತುಂಬ ಈ ಗಿಡಗಳು, ಅವುಗಳ ನೀರಲ್ಲಿ ಮಲೇರಿಯಾ ಸೊಳ್ಳೆ. 1940ರ ದಶಕದಲ್ಲಿ ಕಾಲಿನ್ ಪಿಟೆಂಡ್ರಿ ಎಂಬ ವಿಜ್ಞಾನಿ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಗಿಡ ಸಾಯಿಸಲು ಮರಗಳಿಗೆ ಹೊಡೆದದ್ದು ಮೈಲುತುತ್ತು! ನಾವು ಸುಣ್ಣ ಬೆರೆಸಿ ಅಡಕೆಯ ಕೊಳೆರೋಗಕ್ಕೆ ಹೊಡೆಯುತ್ತೇವಲ್ಲ, ಅದೇ.

ಹಾಗಂತ ಗಿಡವನ್ನು ಬೈಯಲು ಮನಸ್ಸಿಲ್ಲ. ಅದೇ ದ್ವೀಪದ ಬೆಟ್ಟದ ತುದಿಯಲ್ಲಿ ಇದರದೇ ಬಳಗದ ಒಂದು ದೈತ್ಯ ಗಿಡವಿದೆ. ಗ್ಲೊಮೆರೊಪಿಟ್ಕೇರ್ನಿಯಾ ಅಂತ ಹೆಸರು, ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಅದರ ತೊಟ್ಟಿಯಲ್ಲಿ ಹೊನ್ನಿನ ಗೆರೆಯ ಪುಟ್ಟ ಕಪ್ಪೆ ಸಂಸಾರ ಮಾಡುತ್ತದೆ. ಮಧ್ಯ, ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಇಂಥ ತೊಟ್ಟಿಗಳಲ್ಲೇ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಇವೆ, ಅವು ಸೊಳ್ಳೆಮರಿ ತಿನ್ನುತ್ತವೆ. ನನ್ನ ಹಲಸಿನಲ್ಲಿ ತಿನ್ನುವವರು ಯಾರೂ ಕಾಣಲಿಲ್ಲ.

ಈಗ ಗಿಡ ಕುಂಡಕ್ಕೆ ಇಳಿದಿದೆ. ಪ್ರತಿ ಭಾನುವಾರ ಕುಂಡ ಸಮೇತ ಬೋರಲು ಹಾಕಿ ನೀರು ಚೆಲ್ಲುತ್ತೇನೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕಲ್ವಾ? ಮರಕ್ಕೆ ಕಟ್ಟಿದ್ದನ್ನು ಹಾಗೆ ಮಗುಚಲು ಆಗುವುದಿಲ್ಲ. ನರ್ಸರಿಯವರು ಮಾರುವಾಗಲೇ ಇದನ್ನು ಹೇಳಲಿ. ಸಮೀಕ್ಷೆಯ ಪಟ್ಟಿಯಲ್ಲಿ ಟಯರ್, ಡ್ರಮ್ ಜೊತೆ ಈ ಗಿಡವನ್ನೂ ಸೇರಿಸಲಿ.

– ನಿವೃತ್ತ ಶಿಕ್ಷಕಿ, ಬಿಜೈ, ಮಂಗಳೂರು