ಮಗಳಿಗೊಂದು ಪತ್ರ: ನಿಪ್ಪೂರಿನ ಮಣ್ಣಹಲಗೆಗಳು

ಪ್ರೀತಿಯ ಮಗಳೇ,

ನಿಪ್ಪೂರಿನ ಚಿತ್ರಗಳಲ್ಲಿ ಅಷ್ಟು ದೊಡ್ಡ ಗೋಪುರವೇ ಎದ್ದು ಕಾಣುತ್ತಿರುವಾಗ ಅಮ್ಮ ಒಂದು ಪುಟ್ಟ ಮನೆಯ ಮಾತನ್ನೇ ಏಕೆ ಆಡುತ್ತಾಳೆ ಎಂದು ನೀನು ಕೇಳಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ.

ಬಾಗ್ದಾದಿನ ಆಗ್ನೇಯಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿರುವ ನುಫ್ಫಾರ್ ದಿಬ್ಬಗಳೇ ಹಿಂದಿನ ನಿಪ್ಪೂರು. ದಕ್ಷಿಣ ಇರಾಕಿನ ಪ್ರಾಚೀನ ಜನರಾದ ಸುಮೇರಿಯನ್ನರ ದೇವಗಣದ ಒಡೆಯನಾದ ಎನ್‌ಲಿಲ್‌ನ ಎಕೂರ್ ದೇವಾಲಯ ಅಲ್ಲಿದ್ದುದರಿಂದ, ಆ ಊರು ಸಾಮ್ರಾಜ್ಯದ ರಾಜಧಾನಿಯಾಗಿರದಿದ್ದರೂ ಅರಸರೆಲ್ಲ ಅದರ ಮನ್ನಣೆಗೆ ಹಾತೊರೆಯುತ್ತಿದ್ದರು. ಕ್ರಿ.ಪೂ. 2100ರ ಸುಮಾರಿಗೆ ಉರ್-ನಮ್ಮು ಎಂಬ ದೊರೆ ಕಟ್ಟಿಸಿದ ಜಿಗುರಾತಿನ, ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ದೇಗುಲ-ಗೋಪುರದ ಅವಶೇಷವೇ ನೀನು ಕಂಡ ಗೋಪುರ. 1889ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಅಲ್ಲಿ ಉತ್ಖನನ ಆರಂಭಿಸಿದರು.

ನಾನು ಹೇಳುವ ಮನೆ ದೊರೆತದ್ದು 1951-52ರ ಉತ್ಖನನದಲ್ಲಿ. ವಿದ್ವಾಂಸರು ಅದನ್ನು ‘ಎಫ್ ಮನೆ’ ಎನ್ನುತ್ತಾರೆ, ಅಷ್ಟೊಂದು ಸೊಗಸಾದ ತಾಣಕ್ಕೆ ಇಷ್ಟು ಸಪ್ಪೆ ಹೆಸರು! ಕ್ರಿ.ಪೂ. 18ನೇ ಶತಮಾನದ ಆ ಸಣ್ಣ ಮನೆ ಲಿಪಿಕಾರರ ಶಾಲೆಯಾಗಿತ್ತು; ಅಲ್ಲಿ ಮಕ್ಕಳು ಬರೆದು ಬಿಸಾಡಿದ ಮಣ್ಣಹಲಗೆಗಳ ಸುಮಾರು 1,400 ಚೂರುಗಳು ಸಿಕ್ಕವು. ಕೆಲವನ್ನು ಇಟ್ಟಿಗೆಯಂತೆ ಗೋಡೆಗೂ ನೆಲಕ್ಕೂ ಸೇರಿಸಿಬಿಟ್ಟಿದ್ದರು. ಹಳೆಯ ಹಲಗೆಗಳನ್ನು ನೆನೆಹಾಕಿ ಮತ್ತೆ ಹೊಸದಾಗಿ ತಟ್ಟಿಕೊಳ್ಳಲು ಒಂದು ತೊಟ್ಟಿಯೂ ಅಲ್ಲಿತ್ತು.

ಆ ಮಕ್ಕಳ ಮನೆಮಾತು ಅಕ್ಕಾಡಿಯನ್. ಸುಮೇರಿಯನ್ ಭಾಷೆ ಆ ವೇಳೆಗೆ ಜನರ ನಾಲಿಗೆಯಿಂದ ಮರೆಯಾಗಿತ್ತು. ಆದರೂ ‘ಸುಮೇರಿಯನ್ ಬಾರದ ಲಿಪಿಕಾರ ಎಂಥ ಲಿಪಿಕಾರ’ ಎಂಬುದು ಅವರ ಗಾದೆ. ಜೊಂಡಿನ ಕಡ್ಡಿಯನ್ನು ಹಸಿಮಣ್ಣಿಗೆ ಒತ್ತಿ ಬೆಣೆಯಾಕಾರದ ಗುರುತು ಮೂಡಿಸುವುದರಿಂದ ಮೊದಲುಗೊಂಡು, ಹೆಸರುಗಳ ಪಟ್ಟಿ, ಮರಗಳ ಮತ್ತು ಮರದ ವಸ್ತುಗಳ ಪಟ್ಟಿ, ಅರವತ್ತನ್ನು ಆಧಾರವಾಗಿಟ್ಟುಕೊಂಡ ಲೆಕ್ಕದ ಮಗ್ಗಿ, ಆಮೇಲೆ ಗಾದೆ, ಕೊನೆಗೆ ಕಾವ್ಯ, ಹೀಗೆ ಪಾಠ ಸಾಗುತ್ತಿತ್ತು. ಇಂದು ನಮಗೆ ಉಳಿದಿರುವ ಸುಮೇರಿಯನ್ ಸಾಹಿತ್ಯದ ಬಹುಭಾಗ ಇಂಥ ಮಕ್ಕಳ ನಕಲುಗಳಿಂದಲೇ ಬಂದದ್ದು. ಶಾಲೆಗೆ ಅವರು ಇಟ್ಟ ಹೆಸರು ‘ಎದುಬ್ಬಾ’, ಎಂದರೆ ಹಲಗೆಮನೆ. ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಗಂಡುಮಕ್ಕಳೇ ಎಂಬುದು ನನಗೂ ಬೇಸರದ ಸಂಗತಿ. ಆದರೆ ಸಿಪ್ಪಾರ್ ಎಂಬ ಇನ್ನೊಂದು ದೇಗುಲದೂರಿನಲ್ಲಿ ಲಿಪಿಕಾರ್ತಿಯರಿದ್ದರು, ಅವರ ಹೆಸರುಗಳೂ ಉಳಿದಿವೆ.

ಒಂದು ಬಗೆಯ ಹಲಗೆಯನ್ನು ನೀನು ಗಮನವಿಟ್ಟು ನೋಡಬೇಕು. ಎಡಕ್ಕೆ ಗುರುವಿನ ಅಚ್ಚುಕಟ್ಟಾದ ಬರಹ, ಬಲಕ್ಕೆ ಶಿಷ್ಯನದು. ಶಿಷ್ಯ ಬರೆಯುತ್ತಾನೆ, ಒರೆಸುತ್ತಾನೆ, ಮತ್ತೆ ಬರೆಯುತ್ತಾನೆ. ಹಾಗೆ ಒರೆಸಿ ಒರೆಸಿ ಬಲಭಾಗದ ಮಣ್ಣು ಎಡಭಾಗಕ್ಕಿಂತ ತೆಳ್ಳಗಾಗಿಬಿಟ್ಟಿದೆ. ನಿಪ್ಪೂರಿನದೇ ಇನ್ನೊಂದು ಹಲಗೆಯ ಮೇಲೆ ಅಕ್ಷರಗಳ ಜೊತೆಗೆ ಹಲ್ಲಿನ ಗುರುತುಗಳೂ ಇವೆ. ಅವನ್ನು ಪರೀಕ್ಷಿಸಿದವರು ಕಚ್ಚಿದ ಮಗುವಿಗೆ ಹನ್ನೆರಡೋ ಹದಿಮೂರೋ ವರ್ಷವಾಗಿರಬೇಕು ಎಂದಿದ್ದಾರೆ. ನಿನ್ನದೇ ವಯಸ್ಸು. ಬೇಸರಕ್ಕೆ ಕಚ್ಚಿತೋ, ಸಿಟ್ಟಿಗೋ, ಅದನ್ನು ನೀನೇ ಊಹಿಸಿ ಬರೆ.

ನಿನ್ನ ಅಮ್ಮ