ವೈ ಇಲ್ಲದ ಗಂಡಿಲಿ

ಪ್ರೀತಿಯ ಗೆಳೆಯಾ,

ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಸವೆದು ಮಾಯವಾದರೆ ಗಂಡೇ ಹುಟ್ಟುವುದಿಲ್ಲವಾ ಅಂತ ಕೇಳಿದ್ದೆಯಲ್ಲ. ಜಪಾನಿನ ಅಮಾಮಿ ಓಶಿಮಾ ದ್ವೀಪದ ಮುಳ್ಳಿಲಿಯನ್ನು ನೋಡು ಮಾರಾಯ. ಗಂಡಿಗೂ 25 ಕ್ರೋಮೋಸೋಮ್, ಹೆಣ್ಣಿಗೂ 25. ಎರಡಕ್ಕೂ ಒಂದೊಂದೇ ಎಕ್ಸ್. ವೈ ಇಲ್ಲ, ಅದರಲ್ಲಿ ಇರಬೇಕಿದ್ದ, ಭ್ರೂಣವನ್ನು ಗಂಡಾಗಿಸುವ ಎಸ್‌ಆರ್‌ವೈ ಜೀನೂ ಇಲ್ಲ. ಆದರೂ ಗಂಡುಮರಿಗಳು ಹುಟ್ಟುತ್ತಲೇ ಇವೆ.

ಎಸ್‌ಆರ್‌ವೈ ಪತ್ತೆಯಾದದ್ದು 1990ರಲ್ಲಿ, ಲಂಡನ್ನಿನಲ್ಲಿ. ಮರುವರ್ಷವೇ ಎರಡು ಎಕ್ಸ್ ಇರುವ ಇಲಿಯ ಭ್ರೂಣಕ್ಕೆ ಈ ಜೀನ್ ಸೇರಿಸಿದರು. ವೃಷಣ ಬೆಳೆಯಿತು, ಇಲಿ ಗಂಡಾಯಿತು. ಆದರೆ ವೀರ್ಯಾಣು ಆಗಲಿಲ್ಲ. ಅದಕ್ಕೆ ವೈ ಮೇಲಿನ ಬೇರೆ ಜೀನ್‌ಗಳೂ ಬೇಕು, ಎಕ್ಸ್ ಎರಡಿರಲೂಬಾರದು.

ಎಸ್‌ಆರ್‌ವೈ ಮಾಡುವ ಮುಖ್ಯ ಕೆಲಸ ಒಂದೇ: ವೃಷಣ ಬೆಳೆಸುವ ಸಾಕ್ಸ್9 ಎಂಬ ಜೀನನ್ನು ಎಬ್ಬಿಸುವುದು. ಇಲಿಯ ಭ್ರೂಣದಲ್ಲಿ ಎಸ್‌ಆರ್‌ವೈ 10.5ನೇ ದಿನ ಕೆಲಸ ಶುರುಮಾಡಿ 12.5ನೇ ದಿನಕ್ಕೆ ಸುಮ್ಮನಾಗುತ್ತದೆ. ಒಮ್ಮೆ ಎದ್ದ ಸಾಕ್ಸ್9 ಆಮೇಲೆ ತನ್ನ ಪಾಡಿಗೆ ತಾನು ನಡೆಯುತ್ತದೆ. ಆದರೆ ಅದನ್ನು ಎಬ್ಬಿಸಲು ಸಿಗುವ ಸಮಯ ಬಲು ಕಡಿಮೆ, 6 ಗಂಟೆಯಷ್ಟು. ಅದು ತಪ್ಪಿದರೆ ಅಂಡಾಶಯದ ಜೀನ್‌ಗಳು ಮೇಲುಗೈ ಪಡೆಯುತ್ತವೆ. ಒಂದೇ ಅಂಗದ ನಡುವೆ ವೃಷಣ, ಎರಡೂ ತುದಿಗೆ ಅಂಡಾಶಯ ಬೆಳೆದುಬಿಡಬಹುದು.

ಸಾಕ್ಸ್9ನ ಸ್ವಿಚ್ಚುಗಳು, ಅಂದರೆ ಅದನ್ನು ಎಬ್ಬಿಸಲು ಬೇಕಾದ ಡಿಎನ್‌ಎ ತುಣುಕುಗಳು, ಅದರ ಪಕ್ಕದಲ್ಲೇ ಇಲ್ಲ. ಇಲಿಯಲ್ಲಿ ಒಂದು ಸ್ವಿಚ್ಚು 5,65,000 ಡಿಎನ್‌ಎ ಅಕ್ಷರಗಳಷ್ಟು ದೂರ. ಅದರ ಉದ್ದವೋ ಬರೀ 557 ಅಕ್ಷರ. 2018ರಲ್ಲಿ ಅಷ್ಟನ್ನೇ ಕತ್ತರಿಸಿ ತೆಗೆದರು: ವೈ ಇದ್ದೂ, ಎಸ್‌ಆರ್‌ವೈ ಇದ್ದೂ ಇಲಿಗೆ ಅಂಡಾಶಯ ಬಂತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಯೋಗ ಅನ್ನಿಸುವುದು ಇದೇ.

ಅಮಾಮಿ ಇಲಿಯ ಗುಟ್ಟೂ ಈ ಸ್ವಿಚ್ಚುಗಳಿರುವ ಜಾಗದಲ್ಲೇ ಇತ್ತು. 2022ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಅಸಾತೊ ಕುರೊಯಿವಾ ತಂಡ ಕಂಡದ್ದು: ಸಾಕ್ಸ್9ನಿಂದ ಸುಮಾರು 4,30,000 ಅಕ್ಷರ ಹಿಂದೆ, 17,000 ಅಕ್ಷರಗಳ ತುಣುಕೊಂದು ಗಂಡಿನಲ್ಲಿ ಎರಡು ಸಲ ಬಂದಿದೆ, ಅದೂ ಜೋಡಿಯ ಒಂದೇ ಕ್ರೋಮೋಸೋಮಿನಲ್ಲಿ. ಹೆಣ್ಣಿನಲ್ಲಿ ಅದು ಎರಡು ಕಡೆಯೂ ಒಂದೊಂದೇ. ಇದೇ ಬದಲಾವಣೆಯನ್ನು ಲ್ಯಾಬಿನ ಇಲಿಗೆ ತಂದಾಗ ಎರಡು ಎಕ್ಸ್ ಇರುವ ಭ್ರೂಣದಲ್ಲೂ ಸಾಕ್ಸ್9 ಏರಿತು. ಅಂದರೆ ಎಬ್ಬಿಸುವ ಕೈ ಬದಲಾಗಿದೆ, ಏಳುವ ಜೀನ್ ಅದೇ.

ಎಸ್‌ಆರ್‌ವೈ ಕೂಡ ಆದಿಯಿಂದ ಇದ್ದದ್ದಲ್ಲ. ಎಕ್ಸ್ ಮೇಲಿನ ಸಾಕ್ಸ್3 ಎಂಬ ಜೀನಿಗೆ ಜೋಡಿಯಾಗಿದ್ದ ಜೀನೇ ಬದಲಾಗಿ ಹುಟ್ಟಿದ್ದು ಅದು. ಮೊಟ್ಟೆಯಿಡುವ ಸಸ್ತನಿ ಪ್ಲಾಟಿಪಸ್‌ನ ಗಂಡಿಗೆ 5 ಎಕ್ಸ್, 5 ವೈ ಇದ್ದರೂ ಎಸ್‌ಆರ್‌ವೈ ಇಲ್ಲ. ಇತ್ತ ಅಮಾಮಿಯ ನಂಟ ಒಕಿನಾವಾ ಮುಳ್ಳಿಲಿಯಲ್ಲಿ ವೈ ಇನ್ನೂ ಉಳಿದಿದೆ, ಅದರ ಮೇಲೆ ಎಸ್‌ಆರ್‌ವೈ ಪ್ರತಿಗಳು ಹತ್ತಾರು.

ಇಂತಿ,
ನಿನ್ನ ಗೆಳೆಯ