ದಿಬ್ಬಣದ ಫೋಟೊ ತೆಗೆಯಲು ಹೊರಟವಳಿಗೆ

ಪ್ರೀತಿಯ ಕೂಸೇ,

ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಅವಳ ಓಡಾಟವೂ ಇದ್ದ ಹಾಗೇ ಇದೆ.

ಗೆಳತಿಯ ಮದುವೆಯ ಫೋಟೊ ಹೊಣೆಯನ್ನು ನೀನು ಒಪ್ಪಿಕೊಂಡದ್ದು ಕೇಳಿ ಖುಷಿಯಾಯಿತು. ಮದುವೆ ಛತ್ರದಲ್ಲಲ್ಲ, ಸಾಗರದ ಬದಿಯ ಹಳ್ಳಿಯಲ್ಲಿ, ಹುಡುಗಿಯ ಮನೆಯಂಗಳದಲ್ಲೇ ಎಂದು ತಿಳಿದು ಇನ್ನೂ ಖುಷಿ. ಆದರೆ ನೀನು ಕೇಳಿದ ಪ್ರಶ್ನೆ ಓದಿ ಸ್ವಲ್ಪ ಸಿಟ್ಟೂ ಬಂತು. ಅದಕ್ಕೇ ಫೋನಿನಲ್ಲಿ ಏನೂ ಹೇಳದೆ ಪತ್ರ ಬರೆಯುತ್ತಿದ್ದೇನೆ. ‘ಮುಖಗಳು ಚೆನ್ನಾಗಿ ಬರಲು ಯಾವ ಪ್ರೀಸೆಟ್ ಕೊಳ್ಳಲಿ?’ ಎಂದು ಕೇಳಿದ್ದೆಯಲ್ಲ, ಯಾವುದನ್ನೂ ಕೊಳ್ಳಬೇಡ. ಪ್ರೀಸೆಟ್ ಎಂದರೆ ಎಲ್ಲಿಯದೋ ಬೆಳಕಿನಲ್ಲಿ, ಯಾರದೋ ಮೈಬಣ್ಣಕ್ಕೆ ಯಾರೋ ಮೊದಲೇ ಹೊಂದಿಸಿಟ್ಟ ಎಡಿಟಿಂಗ್ ಲೆಕ್ಕ. ಅರಿಸಿನ ಹಚ್ಚಿದ ಮುಖ, ಕೆಂಪು ಅಂಚಿನ ಧಾರೆ ಸೀರೆ, ಹಿಂದೆ ಅಡಿಕೆ ತೋಟದ ಹಸಿರು, ಇವು ಮೂರೂ ಸೇರಿದಲ್ಲಿ ಆ ಲೆಕ್ಕ ತಪ್ಪುತ್ತದೆ. ಮುಖದ ಬಣ್ಣ ತೀರ್ಮಾನವಾಗುವುದು ಅಂಗಳದಲ್ಲಿ. ಕಂಪ್ಯೂಟರಿನ ಮುಂದೆ ಕೂತಾಗ ನಿನಗಿರುವ ಕೆಲಸ ಅದನ್ನು ಕೆಡಿಸದೆ ಉಳಿಸಿಕೊಳ್ಳುವುದು, ಅಷ್ಟೇ.

ಮೊದಲು ಬಿಸಿಲಿನ ವಿಚಾರ. ಮದುವೆ ಏಪ್ರಿಲ್ ಕೊನೆಯ ವಾರ, ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತ ಎಂದಿದ್ದೀಯೆ. ‘ಶೂನ್ಯ ನೆರಳಿನ ದಿನ’ ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೆ. ಸಾಗರ ಇನ್ನೊಂದು ಡಿಗ್ರಿ ಉತ್ತರಕ್ಕಿರುವುದರಿಂದ ಇಲ್ಲಿಗೆ ಮೂರು ನಾಲ್ಕು ದಿನ ತಡ. ಅಂದರೆ ನಿನ್ನ ಮದುವೆಯ ದಿನ ಹನ್ನೆರಡೂವರೆಗೆ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತಿರುತ್ತಾನೆ. ಆ ಹೊತ್ತಿಗೆ ಬಯಲಿನಲ್ಲಿ ನಿಲ್ಲಿಸಿದ ಯಾರಿಗೂ ಕಣ್ಣು ಕಾಣುವುದಿಲ್ಲ, ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ ಮಾತ್ರ. ವರ ಪೇಟ ಸುತ್ತಿದ್ದರೆ, ವಧು ಬಾಸಿಂಗ ಕಟ್ಟಿದ್ದರೆ ಹಣೆಯ ಮೇಲೆ ಇನ್ನೊಂದು ನೆರಳು. ‘ಊಟಕ್ಕೆ ಮುಂಚೆ ಎಲ್ಲರೂ ಒಂದು ಫೋಟೊ’ ಎಂದು ಯಾರಾದರೂ ಹಿರಿಯರು ಅಂಗಳಕ್ಕೆ ಕರೆದೇ ಕರೆಯುತ್ತಾರೆ. ಇಲ್ಲ ಎನ್ನಬೇಡ. ನಗುತ್ತಲೇ ಎಲ್ಲರನ್ನೂ ಜಗಲಿಗೆ ಹತ್ತಿಸು.

ನಮ್ಮ ಮಲೆನಾಡಿನ ಮನೆಯ ಜಗಲಿಗಿಂತ ಒಳ್ಳೆಯ ಸ್ಟುಡಿಯೊ ನನಗೆ ಗೊತ್ತಿಲ್ಲ. ಮೇಲೆ ಮಾಡು ಬಿಸಿಲನ್ನು ತಡೆಯುತ್ತದೆ, ಎದುರಿಗೆ ಅಂಗಳ ಬೆಳಕನ್ನು ಎತ್ತಿ ಕೊಡುತ್ತದೆ, ಮೆಟ್ಟಿಲುಗಳು ತಾವಾಗಿಯೇ ಸಾಲು ಮಾಡಿಕೊಡುತ್ತವೆ. ಸಿಮೆಂಟಿನ ಅಂಗಳವಾದರೆ ಬೆಳಕು ಧಾರಾಳ. ಸೆಗಣಿ ಸಾರಿಸಿದ ಅಂಗಳ ಬೆಳಕನ್ನು ಕುಡಿಯುತ್ತದೆ. ಕೆಂಪು ಮಣ್ಣಿನದಾದರೆ ಗದ್ದದ ಕೆಳಗೆ ಕೆಂಪು ಛಾಯೆ ಬರುತ್ತದೆ. ಆಗ ಇಬ್ಬರು ಹುಡುಗರನ್ನು ಹಿಡಿದು ಒಂದು ಬಿಳಿ ಪಂಚೆಯನ್ನು ಗುಂಪಿನ ಮುಂದೆ, ಚೌಕಟ್ಟಿನ ಹೊರಗೆ, ನೆಲದ ಮೇಲೆ ಹಾಸಿಸು. ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ರಿಫ್ಲೆಕ್ಟರ್ ಮಾಡುವುದೂ ಇದನ್ನೇ.

ಚಪ್ಪರದ ಬಗ್ಗೆ ಮಾತ್ರ ಮೈಯೆಲ್ಲ ಕಣ್ಣಾಗಿರು. ಅಡಿಕೆ ಸೋಗೆಯ ಚಪ್ಪರದಲ್ಲಿ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳುತ್ತಿದ್ದವು. ಅದನ್ನಾದರೂ ಸಹಿಸಬಹುದಿತ್ತು. ಈಗ ನೀಲಿ ಟಾರ್ಪಾಲಿನ್ ಎಳೆಯುತ್ತಾರೆ. ಅದರಡಿ ಧಾರೆಗೆ ಕೂತ ಮದುಮಗಳ ಮುಖ ಬೂದಿ ಬಳಿದಂತೆ ಕಾಣುತ್ತದೆ. ಕೆಳಗಿನಿಂದ ಹೋಮದ ಕೆಂಪು, ಮೇಲಿನಿಂದ ಟಾರ್ಪಾಲಿನ ನೀಲಿ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಇರುವ ವೈಟ್ ಬ್ಯಾಲೆನ್ಸನ್ನು ಎತ್ತ ಎಳೆದರೂ ಒಂದು ಸರಿಹೋಗಿ ಇನ್ನೊಂದು ಕೆಡುತ್ತದೆ. ಇದಕ್ಕೆ ಮದ್ದು ಇರುವುದು ಹಿಂದಿನ ದಿನ ಮಾತ್ರ. ಚಪ್ಪರ ಹಾಕುವ ಹೊತ್ತಿಗೆ ಅಲ್ಲಿಗೆ ಹೋಗು. ಮಂಟಪದ ಮೇಲಿನ ಅಷ್ಟು ಜಾಗಕ್ಕೆ ಒಳಗಿನಿಂದ ಬಿಳಿ ಬಟ್ಟೆ ಕಟ್ಟಿಸಿ ಎಂದು ಮನೆಯವರನ್ನು ಕೇಳು. ಶಾಮಿಯಾನದವರ ಬಳಿ ಇದ್ದೇ ಇರುತ್ತದೆ. ಹುಡುಗಿಯ ಅಪ್ಪನಿಗೆ ಆ ದಿನ ನೂರು ತಲೆಬಿಸಿ, ನೇರವಾಗಿ ಅವರನ್ನು ಹಿಡಿಯಬೇಡ. ಸೋದರಮಾವನನ್ನೋ ಚಿಕ್ಕಪ್ಪನನ್ನೋ ಹಿಡಿದರೆ ಕೆಲಸವಾಗುತ್ತದೆ.

ದೊಡ್ಡ ಗುಂಪಿನ ಫೋಟೊವನ್ನು ದಿಬ್ಬಣ ಬಂದಾಗಲೇ ತೆಗೆದುಬಿಡು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಿಸಿಲು ಓರೆಯಾಗಿರುತ್ತದೆ, ಬೆವರು ಇಳಿದಿರುವುದಿಲ್ಲ, ಕುಂಕುಮ ಕದಡಿರುವುದಿಲ್ಲ, ಸೀರೆಯ ನೆರಿಗೆ ನಿಂತಿರುತ್ತದೆ. ಎದುರುಗೊಂಡು ಕಾಲಿಗೆ ನೀರು ಕೊಟ್ಟು ಪಾನಕ ಕೊಡಲು ತೊಡಗಿದರೆ ಜನ ಚದುರಿದಂತೆಯೇ. ಮತ್ತೆ ಅವರನ್ನು ಒಟ್ಟುಗೂಡಿಸುವುದು ಬ್ರಹ್ಮನಿಗೂ ಆಗದು. ಸೂರ್ಯ ಅವರ ಬೆನ್ನ ಹಿಂದೆ ಅಥವಾ ಬದಿಗೆ ಇರುವಂತೆ ನಿಲ್ಲಿಸು. ಎದುರು ಬಿಸಿಲಿಗೆ ಮುಖ ಮಾಡಿ ನಿಂತರೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಎರಡೂ ಮನೆಯ ಬಂಧುಗಳನ್ನು ಹೆಸರು ಹಿಡಿದು ಕರೆಯಬಲ್ಲ ಒಬ್ಬ ಅತ್ತೆಯನ್ನು ಮೊದಲೇ ಗೊತ್ತು ಮಾಡಿಕೋ. ಆ ಅತ್ತೆಯ ಒಂದು ಕೂಗು ನಿನ್ನ ಹತ್ತು ವಿನಂತಿಗೆ ಸಮ.

ನಿನಗೆ ಹಿನ್ನೆಲೆ ಮಸುಕಾಗಿಸುವ ಹುಚ್ಚು ಇದೆಯೆಂದು ನಿನ್ನ ಇನ್‌ಸ್ಟಾಗ್ರಾಮ್ ನೋಡಿದರೆ ತಿಳಿಯುತ್ತದೆ. ಗುಂಪಿಗೆ ಅದು ನಡೆಯದು. ನಿನ್ನ 85 ಎಂ.ಎಂ. ಲೆನ್ಸಿನ ಕಿಂಡಿಯನ್ನು ಎಫ್/1.8ರಷ್ಟು ಅಗಲಕ್ಕೆ ತೆರೆದು ಐದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಂದೂಕಾಲು ಅಡಿಯಷ್ಟೇ. ಮುಂದಿನ ಮೆಟ್ಟಿಲಲ್ಲಿ ಕೂತ ಅಜ್ಜಿ ಸಿಕ್ಕರೆ ಹಿಂದೆ ನಿಂತ ಮೊಮ್ಮಗ ಸಿಗುವುದಿಲ್ಲ. ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಅದೇ ಆಳ ಐದೂವರೆ ಅಡಿಯಾಗುತ್ತದೆ. ಜನ ಹೆಚ್ಚಿದ್ದಾರೆಂದು ವೈಡ್ ಲೆನ್ಸ್ ಹಾಕಿ ಹತ್ತಿರ ಹೋಗಬೇಡ. ಅಂಚಿನಲ್ಲಿ ನಿಂತವರು ಅಗಲಕ್ಕೆ ಹಿಗ್ಗುತ್ತಾರೆ. ಅಲ್ಲಿ ನಿಂತಿರುವುದು ಸಾಮಾನ್ಯವಾಗಿ ಮಾತಿಗೆ ಸಿಕ್ಕರೆ ಬಿಡದ ದೊಡ್ಡತ್ತೆಯಂದಿರು. ಹಿಂದೆ ಸರಿದು 50 ಎಂ.ಎಂ.ನಲ್ಲಿ ತೆಗೆ, ಕ್ಯಾಮೆರಾ ನಿನ್ನ ಎದೆಯ ಎತ್ತರಕ್ಕಿರಲಿ. ಪ್ರತಿ ಗುಂಪಿಗೂ ಐದಾರು ಚಿತ್ರ ತೆಗೆ. ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ಮೂರು ಎಣಿಸಿ ಬಿಡಲು ಹೇಳಿದರೆ ಮುಚ್ಚಿದ ಕಣ್ಣುಗಳು ಬಹಳಷ್ಟು ಕಡಿಮೆಯಾಗುತ್ತವೆ. ಆಮೇಲೂ ಒಬ್ಬಿಬ್ಬರದು ಮುಚ್ಚಿದ್ದರೆ, ಪಕ್ಕದ ಚಿತ್ರದಿಂದ ಅವರದೇ ಮುಖ ತೆಗೆದು ಕೂರಿಸುವುದಕ್ಕೆ ನನ್ನ ಆಕ್ಷೇಪವಿಲ್ಲ.

ಸೀರೆಯ ಕೆಂಪಿನ ಬಗ್ಗೆ ಒಂದು ಮಾತು. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್, ಅಂದರೆ ಬೆಳಕಿನ ಹಂಚಿಕೆಯ ನಕ್ಷೆ, ಎಲ್ಲ ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಕೆಂಪು ಬಣ್ಣದ ಪಾಲು (ಚಾನೆಲ್) ತುಂಬಿ ಚೆಲ್ಲಿರುತ್ತದೆ. ಚೆಲ್ಲಿದ ಮೇಲೆ ರೇಷ್ಮೆಯ ಮಡಿಕೆ, ಜರಿಯ ಎಳೆ ಯಾವುದೂ ಇರುವುದಿಲ್ಲ, ಒಂದು ಕೆಂಪು ಮುದ್ದೆ ಮಾತ್ರ. ಮೂರು ಬಣ್ಣ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಇಟ್ಟುಕೋ, ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲಿನಲ್ಲೇ ತೆಗೆ, ವರನ ಬಿಳಿ ಪಂಚೆಯ ನೆರಿಗೆ ಕಾಣುವಷ್ಟು ಬೆಳಕು ತಗ್ಗಿಸು. ಮುಖ ಸ್ವಲ್ಪ ಕಪ್ಪಗೆ ಬಂದರೆ ಆಮೇಲೆ ಎತ್ತಬಹುದು.

ಇಬ್ಬರನ್ನೇ ನಿಲ್ಲಿಸುವ ಚಿತ್ರಕ್ಕೆ ಎಲ್ಲರೂ ತೋಟಕ್ಕೇ ಕರೆದೊಯ್ಯುತ್ತಾರೆ, ನೀನೂ ಒಯ್ಯುತ್ತೀಯೆ. ಹೋಗು, ಆದರೆ ನಡುತೋಟಕ್ಕೆ ನುಗ್ಗಬೇಡ. ಅಲ್ಲಿ ಬೆಳಕೆಲ್ಲ ಎಲೆಗಳಿಗೆ ತಾಗಿ ಬರುವುದರಿಂದ ಮುಖಕ್ಕೆ ಹಸಿರು ಹತ್ತುತ್ತದೆ. ಕಣ್ಣು ಅದಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ಸ್ಥಳದಲ್ಲಿ ಗೊತ್ತೇ ಆಗುವುದಿಲ್ಲ, ಮನೆಗೆ ಬಂದು ತೆರೆದಾಗ ಕತ್ತು, ಕಪೋಲದ ಬದಿ, ಬಿಳಿ ಪಂಚೆ ಎಲ್ಲ ಹಸಿರು. ತೋಟದ ಅಂಚಿನಲ್ಲಿ ನಿಲ್ಲಿಸು: ಹಿಂದೆ ಮರಗಳ ಸಾಲು, ಎದುರಿಗೆ ತೆರೆದ ಆಕಾಶ. ಜಾಗ ಬದಲಿಸಿದಾಗಲೆಲ್ಲ ಮದುಮಗಳ ಕೈಗೆ ಗ್ರೇ ಕಾರ್ಡ್ (ಆಮೇಲೆ ಬಣ್ಣ ಸರಿಮಾಡಲು ಬಳಸುವ ಬೂದುಬಣ್ಣದ ಕಾರ್ಡು) ಕೊಟ್ಟು ಒಂದು ಚಿತ್ರ ತೆಗೆದುಕೋ. ಸಂಜೆ ಐದರ ಮೇಲೆ ಬೆಳಕು ಬಲು ಚೆಂದ, ನಿಜ. ಆದರೆ ಆ ದಿನಗಳಲ್ಲಿ ನಾಲ್ಕು ಗಂಟೆಗೆ ಗುಡುಗು ಶುರುವಾದರೆ ನಿನ್ನ ಸಂಜೆಯೇ ಹೋಯಿತು. ಆದ್ದರಿಂದ ಮುಖ್ಯವಾದ ನಾಲ್ಕು ಚಿತ್ರಗಳನ್ನು ಬೆಳಿಗ್ಗೆಯೇ ಮುಗಿಸಿಕೋ. ಇಕ್ಕೇರಿಗೆ ಹೋಗೋಣ ಎಂದು ಹುಡುಗನ ಗೆಳೆಯರು ಹಟ ಹಿಡಿಯಬಹುದು. ಅಲ್ಲಿಯ ಅಘೋರೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸ್ಟ್ಯಾಂಡು, ಲೈಟು ಹಿಡಿದು ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಮದುವೆಯ ದಿನ ಕಾವಲುಗಾರನ ಜೊತೆ ವಾದಕ್ಕೆ ನಿಲ್ಲುವುದು ಬೇಡ.

ಇನ್ನು ಎಡಿಟಿಂಗ್. ನಾನು ನಿನಗೆ ಹೇಳಲೇಬೇಕೆಂದುಕೊಂಡದ್ದು ಇಲ್ಲಿದೆ.

ಮೊದಲು ಗ್ರೇ ಕಾರ್ಡಿನ ಚಿತ್ರದಿಂದ ಬಣ್ಣ ಸರಿಮಾಡಿ ಆ ಜಾಗದ ಎಲ್ಲ ಚಿತ್ರಗಳಿಗೂ ಅದನ್ನೇ ಹಚ್ಚು. ಲ್ಯಾಪ್‌ಟಾಪಿನ ಪರದೆಗೆ ಹಳದಿ ಛಾಯೆ ಕೊಡುವ ನೈಟ್ ಲೈಟ್ ಆಫ್ ಮಾಡಿರು, ಪರದೆಯ ಹೊಳಪು ಇಳಿಸಿರು. ಹೊಳಪು ಜಾಸ್ತಿಯಿದ್ದರೆ ಪ್ರಿಂಟು ಕಪ್ಪಗೆ ಬರುತ್ತದೆ. ಇಷ್ಟು ಮಾಡಿ ಕಾಯುತ್ತಾ ಇರು, ಮನೆಯವರಿಂದ ಆ ಮಾತು ಬಂದೇ ಬರುತ್ತದೆ: ‘ಹುಡುಗಿಯನ್ನು ಒಂಚೂರು ಬೆಳ್ಳಗೆ ಮಾಡಮ್ಮಾ.’

ಮಾಡಬೇಡ.

ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ನಮ್ಮವರ ಮೈಬಣ್ಣವೆಲ್ಲ ಹೆಚ್ಚುಕಡಿಮೆ ಕಿತ್ತಳೆ ಬಣ್ಣವನ್ನು ಏರಿಸಿ ಇಳಿಸುವ ಸ್ಲೈಡರಿನಲ್ಲೇ ಇರುತ್ತದೆ. ಕಪ್ಪಗಿರುವವರದೂ ಬೆಳ್ಳಗಿರುವವರದೂ ಅದೇ ಕಿತ್ತಳೆ, ವ್ಯತ್ಯಾಸ ಹೊಳಪಿನದು ಮಾತ್ರ. ಆ ಹೊಳಪನ್ನು ಮೇಲಕ್ಕೆಳೆದು ನೋಡು, ಮುಖದ ಜೊತೆ ತಾಮ್ರದ ಕಳಸ ಬಿಳಿಚಿಕೊಳ್ಳುತ್ತದೆ, ಜಂಬಿಟ್ಟಿಗೆ ಗೋಡೆ ಸುಣ್ಣ ಹೊಡೆದಂತಾಗುತ್ತದೆ, ಕತ್ತಿನ ಚಿನ್ನ ಗಿಲೀಟಿನಂತೆ ಕಾಣುತ್ತದೆ. ಇಲ್ಲ, ಮುಖದ ಭಾಗವನ್ನಷ್ಟೇ ಆರಿಸುವ ಮಾಸ್ಕ್ ಹಾಕಿ ಹೊಳಪು ಎತ್ತುತ್ತೇನೆ ಎಂದರೆ, ಕರಿಮಣಿ ಇರುವ ಕತ್ತು ಒಂದು ಬಣ್ಣ, ಮದರಂಗಿಯ ಕೈ ಇನ್ನೊಂದು ಬಣ್ಣ, ಕಿವಿ ಮೂರನೆಯ ಬಣ್ಣ. ಮೇಕಪ್ಪಿನವರು ಮೊದಲೇ ಒಂದು ಪದರ ಬಳಿದಿರುತ್ತಾರೆ. ಅವರ ಪೌಡರಿಗೆ ಫ್ಲ್ಯಾಶ್ ಬಿದ್ದರಂತೂ ಮುಖ ಹಿಟ್ಟು ಮೆತ್ತಿದ ಹಾಗೆ. ಅಂಥಲ್ಲಿ ನಾನು ಮುಖದ ಬೆಳಕನ್ನು ಕಾಲು ಸ್ಟಾಪು, ಅಂದರೆ ಒಂಚೂರು, ಕೆಳಗಿಳಿಸಿ ಕತ್ತಿಗೆ ಹೊಂದಿಸುತ್ತೇನೆ.

ಇದು ಇವತ್ತಿನ ರೋಗವಲ್ಲ. ಫಿಲ್ಮಿನ ಕಾಲದಲ್ಲಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಕೊಡಾಕ್ ಒಂದು ಕಾರ್ಡು ಕಳುಹಿಸುತ್ತಿತ್ತು, ‘ಶರ್ಲಿ ಕಾರ್ಡ್’ ಎಂದು ಅದರ ಹೆಸರು. 1950ರ ದಶಕದಿಂದ ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಮುಖ. ಬೇರೆ ಮೈಬಣ್ಣದವರನ್ನೂ ಸೇರಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಸರಿಯಾದ ಮುಖ ಎಂದರೆ ಆ ಮುಖ, ಉಳಿದವರದು ಹೇಗೆ ಬಂದರೆ ಹಾಗೆ. ಈಗ ನಿನ್ನ ಕೈಯಲ್ಲಿ ಅಂಥ ಯಾವ ಕಾರ್ಡೂ ಇಲ್ಲ. ಕಪ್ಪು ಬಣ್ಣದ ಒಂದು ಮುಖವನ್ನು ಅದರ ಹೊಳಪು, ಅದರ ಆಳ ಕೆಡದಂತೆ ತೆಗೆಯುವಷ್ಟು ಕ್ಯಾಮೆರಾಗಳು ಒಳ್ಳೆಯವಾಗಿವೆ. ಇಷ್ಟೆಲ್ಲ ಇದ್ದೂ ನೀನೇ ಸ್ಲೈಡರ್ ಎಳೆದು ಆ ಹುಡುಗಿಯನ್ನು ಅವಳ ಮದುವೆಯ ಆಲ್ಬಮ್ಮಿನಿಂದ ಹೊರಗೆ ಹಾಕಿದರೆ, ಆ ಫೋಟೊ ಯಾರದು ಎಂದು ನನ್ನನ್ನು ಕೇಳಬೇಡ.

ಮನೆಯವರೊಡನೆ ವಾದ ಮಾಡಬೇಡ, ಭಾಷಣವನ್ನಂತೂ ಬಿಗಿಯಲೇಬೇಡ. ಹುಡುಗಿ ಅವಳ ಅಮ್ಮನ ಪಕ್ಕ ಜಗಲಿಯಲ್ಲಿ ನಿಂತ ಒಂದು ಒಳ್ಳೆಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಮೊದಲು ಅದನ್ನೇ ಕೈಗೆ ಕೊಡು. ಬೆಳಕು ಸರಿಯಿದ್ದರೆ ಕೇಳಿದವರ ಬಾಯಿ ತಾನಾಗಿ ಕಟ್ಟುತ್ತದೆ. ನಿಜವಾಗಿ ಅವರು ಕೇಳುತ್ತಿರುವುದು ಬಿಳುಪನ್ನಲ್ಲ, ಮುಖದಲ್ಲಿ ಕಳೆ ಇರಲಿ ಎಂದು. ಅದನ್ನು ನೀನು ಅಂಗಳದಲ್ಲೇ ಕೊಟ್ಟಿರುತ್ತೀಯೆ. ಕಣ್ಣಿನೊಳಗೆ ಒಂದು ಚೂರು ಬೆಳಕು ಇದ್ದರೆ ಸಾಕು, ಕಳೆ ಬಂದುಬಿಡುತ್ತದೆ.

ಮೊಡವೆ, ಬೆವರು, ಕದಡಿದ ಕುಂಕುಮ, ಸೊಳ್ಳೆ ಕಚ್ಚಿದ ಗುರುತು, ಇವೆಲ್ಲ ವಾರದಲ್ಲಿ ಹೋಗುವಂಥವು, ಅಳಿಸು. ಮಚ್ಚೆ, ಬಾಲ್ಯದ ಗಾಯದ ಗುರುತು, ಅಜ್ಜಿಯ ಸುಕ್ಕು, ಅಜ್ಜನ ಕವಳದ ಹಲ್ಲು, ಇವುಗಳ ತಂಟೆಗೆ ಹೋಗಬೇಡ. ಚರ್ಮ ನಯ ಮಾಡುವ ಬ್ರಷ್ಷನ್ನಂತೂ ಮುಟ್ಟಲೇಬೇಡ. ಹಿನ್ನೆಲೆಯ ಪ್ಲಾಸ್ಟಿಕ್ ಕುರ್ಚಿ, ನೇತಾಡುವ ವಯರು, ಯಾರದೋ ಹೆಲ್ಮೆಟ್ಟು ತೆಗೆದುಹಾಕುವುದಕ್ಕೆ ನಿನಗೆ ಪೂರ್ತಿ ಸ್ವಾತಂತ್ರ್ಯವಿದೆ. ಆದರೆ ಕ್ಲಿಕ್ಕಿಸುವ ಮುಂಚೆ ಎರಡು ಹೆಜ್ಜೆ ಹೋಗಿ ಆ ಕುರ್ಚಿಯನ್ನು ಸರಿಸಿದರೆ ಅರ್ಧ ಗಂಟೆ ಉಳಿಯುತ್ತದೆ.

ಸ್ನೇಹಕ್ಕೆ ಮಾಡುತ್ತಿದ್ದರೂ ಆಲ್ಬಮ್ಮಿನ ಪ್ರಿಂಟಿಂಗ್ ಖರ್ಚು ಯಾರದು ಎಂಬುದನ್ನು ಮೊದಲೇ ಮಾತಾಡಿಕೋ. ಸ್ನೇಹ ಕೆಡುವುದು ಇಂಥದ್ದರಲ್ಲೇ. ಎರಡು ಮೆಮೊರಿ ಕಾರ್ಡುಗಳಿಗೂ ಏಕಕಾಲಕ್ಕೆ ಬರೆಯುವ ಹಾಗೆ ಕ್ಯಾಮೆರಾ ಹೊಂದಿಸಿಕೋ. ರಾತ್ರಿ ನಮ್ಮ ಮನೆಗೇ ಬಾ, ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಹಾಕಿಟ್ಟು ಮಲಗಿದರಾಯಿತು. ನನ್ನ ಗ್ರೇ ಕಾರ್ಡನ್ನು ತೆಗೆದಿಟ್ಟಿದ್ದೇನೆ, ಚಪ್ಪರದ ದಿನ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗು. ಬೆಂಗಳೂರಿನ ಬಸ್ಸು ಸಾಗರಕ್ಕೆ ನಸುಕಿನಲ್ಲೇ ಬಂದುಬಿಡುತ್ತದೆ, ಇಳಿಯುವ ಮುಂಚೆ ಫೋನ್ ಮಾಡು, ಸ್ಕೂಟರ್ ತರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ